ಶೋಲಾಕಿಳಿಗಾಗಿ ಕಾದ ಬೆಳಗುಗಳು

ನೀಲಗಿರಿ ಶೋಲಾಕಿಳಿ ಎಂಬ ಹಕ್ಕಿಯನ್ನು ಕಣ್ಣಾರೆ ಕಾಣುವುದಕ್ಕೆ ಎರಡು ವರ್ಷ ಮೊದಲೇ ನಾನು ಅದರ ದನಿಯನ್ನು ಬಲ್ಲವನಾಗಿದ್ದೆ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಏಪ್ರಿಲ್ ತಿಂಗಳ ನಸುಕಿನಲ್ಲಿ, ಎದುರಿನ ಮರವೂ ಗುರುತು ಸಿಗದಷ್ಟು ಮಬ್ಬಿರುವಾಗ, ಶೋಲಾ ಎಂದು ಕರೆಯುವ, ಎತ್ತರದ ಬೆಟ್ಟಗಳ ಕಣಿವೆಯ ನಿತ್ಯಹಸಿರು ಕಾಡಿನೊಳಗಿಂದ ಇಂಪಾದ ಸಿಳ್ಳುಗಳ ನಡುನಡುವೆ ಒರಟು ಸ್ವರಗಳು ಬೆರೆತ ಹಾಡು ಕೇಳಿಬರುತ್ತಿತ್ತು. ಹದಿನೈದು ಸೆಂಟಿಮೀಟರ್ ಉದ್ದದ ಈ ಹಕ್ಕಿ ಪೊದೆಗಳ ಬುಡ ಬಿಟ್ಟು ಬಯಲಿಗೆ ಬರುವುದು ಬಲು ಅಪರೂಪವಾದ್ದರಿಂದ, ಹಾಡು ಕೇಳಿದಷ್ಟು ಸುಲಭವಾಗಿ ಅದು ಕಣ್ಣಿಗೆ ಬೀಳುವುದಿಲ್ಲ.

ಪಶ್ಚಿಮಘಟ್ಟದ ಸಾಲನ್ನು ಕೇರಳದ ಬಳಿ ತುಂಡರಿಸುವ ಪಾಲಕ್ಕಾಡು ಕಣಿವೆಯ ಉತ್ತರಕ್ಕೆ ನೀಲಗಿರಿ, ಬ್ರಹ್ಮಗಿರಿ, ಬಾಬಾಬುಡನ್‌ಗಿರಿಗಳಂತಹ ಕೆಲವೇ ಬೆಟ್ಟಸಾಲುಗಳ ಎತ್ತರದ ಕಾಡುಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಈ ಪ್ರಭೇದವಿಲ್ಲ. ಕಣಿವೆಯ ದಕ್ಷಿಣಕ್ಕಿರುವುದು ಇದರ ದಾಯಾದಿಯಾದ ಬಿಳಿಹೊಟ್ಟೆಯ ಶೋಲಾಕಿಳಿ. ಮಲಯಾಳದಲ್ಲಿ ಕಿಳಿ ಎಂದರೆ ಹಕ್ಕಿ. ಇವೆರಡನ್ನೂ ಒಳಗೊಂಡ ಶೋಲಿಕೋಲಾ ಎಂಬ ಕುಲವನ್ನು ವಿಜ್ಞಾನಿಗಳು ಹೆಸರಿಸಿದ್ದು 2017ರಲ್ಲಿ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯಲೇಬೇಕು. ಮುದ್ರಿಸಿಕೊಂಡಿದ್ದ ಹಾಡನ್ನು ಫೋನಿನಲ್ಲಿ ನುಡಿಸಿದೆ. ತನ್ನ ನೆಲೆಗೆ ಎದುರಾಳಿ ನುಗ್ಗಿದೆಯೆಂದು ತಿಳಿದ ಹಕ್ಕಿ ಪೊದೆಯಿಂದ ಪೊದೆಗೆ ಹಾರಾಡಿ, ಕೊನೆಗೆ ಹಾಡುವುದನ್ನೇ ನಿಲ್ಲಿಸಿತು. ಮರಿ ಮಾಡುವ ಕಾಲದಲ್ಲಿ ಇಲ್ಲದ ಶತ್ರುವಿನ ಜೊತೆ ಹೋರಾಡುತ್ತ ಅದು ಕಳೆದುಕೊಂಡ ಹೊತ್ತನ್ನು ನೆನೆದು ನನಗೆ ನಿಜವಾಗಿಯೂ ಸಂಕಟವಾಯಿತು. ಆಮೇಲೆ ಒಮ್ಮೆಯೂ ಹಾಗೆ ಮಾಡಿಲ್ಲ.

ಮರುವರ್ಷ ಕೂರುವ ಜಾಗವನ್ನು ಹಿಂದಿನ ದಿನವೇ ಹುಡುಕಿಟ್ಟೆ. ಹಳ್ಳದ ಪಕ್ಕ, ತರಗೆಲೆ ದಪ್ಪವಾಗಿ ಬಿದ್ದು ನೆಲ ತೇವವಾಗಿರುವ ಕಡೆ ಹುಳುಹುಪ್ಪಟೆ ಹೆಚ್ಚು. ಹಕ್ಕಿ ಮೇಯುವುದೂ ಅಲ್ಲಿಯೇ. ಬೆಳಕು ಹರಿಯುವುದಕ್ಕೆ ಅರ್ಧ ಗಂಟೆ ಮೊದಲೇ ಹೋಗಿ, ಮರದ ಬೊಡ್ಡೆಗೆ ಬೆನ್ನು ಕೊಟ್ಟು ಕುಳಿತು, ದುರ್ಬೀನನ್ನು ಮೊದಲೇ ಮೊಣಕಾಲಿನ ಮೇಲೆ ಎತ್ತಿ ಹಿಡಿದಿದ್ದೆ, ಏಕೆಂದರೆ ಆ ಕ್ಷಣದಲ್ಲಿ ಕೈ ಎತ್ತಿದರೂ ಹಕ್ಕಿ ಹೋದಂತೆಯೇ. ಆಗಲೇ ಒಂದು ಮಳೆ ಬಿದ್ದಿದ್ದರಿಂದ ಇಂಬಳಗಳು ಕಾಲು ಹತ್ತಿದವು, ಅವನ್ನೂ ಕೀಳಲಿಲ್ಲ.

ಎರಡು ದಿನ ಹಾಡು ಮಾತ್ರ. ಮೂರನೆಯ ದಿನ ನನ್ನ ಎಡಕ್ಕೆ ತರಗೆಲೆ ಸರಿದ ಸದ್ದಾಯಿತು. ನೀಳವಾದ ಕಾಲುಗಳ ಮೇಲೆ ನೆಟ್ಟಗೆ ನಿಂತ ಹಕ್ಕಿ, ಎರಡು ಕುಪ್ಪಳಿಸಿ, ಎಲೆಯೊಂದನ್ನು ಮಗುಚಿತು. ಆ ಮಂದ ಬೆಳಕಿನಲ್ಲಿ ಬೆನ್ನಿನ ನೀಲಿ ಬೂದಿಯಂತೆಯೇ ಕಂಡಿತಾದರೂ, ಅದು ಹೊರಳಿದಾಗ ಪಕ್ಕೆಯ ಕೆಂಗಂದು ಬಣ್ಣ, ಹೊಟ್ಟೆಯ ನಡುವಿನ ಬಿಳುಪು ಎರಡೂ ಸ್ಪಷ್ಟವಾದವು. ಅರ್ಧ ನಿಮಿಷವೂ ಇರಲಾರದು. ನಾನು ಉಸಿರು ಬಿಗಿಹಿಡಿದಿದ್ದೆ.

ಅಳಿವಿನಂಚಿನಲ್ಲಿರುವ ಈ ಹಕ್ಕಿ ಮಣ್ಣಿನ ದಿಣ್ಣೆಯ ಬಿಲಗಳಲ್ಲಿಯೂ ಮರದ ಪೊಟರೆಗಳಲ್ಲಿಯೂ ಪಾಚಿ, ಬೇರು ಹಾಸಿ ಗೂಡು ಮಾಡುತ್ತದೆ. ಆದ್ದರಿಂದ ಏಪ್ರಿಲ್‌ನಿಂದ ಜೂನ್‌ವರೆಗೆ ಹಳ್ಳದ ದಂಡೆಯ ದಿಣ್ಣೆಗಳ ಹತ್ತಿರ ಹೋಗದೆ, ಆ ಮರದ ಬುಡದಲ್ಲಿಯೇ ಕುಳಿತು, ಹಾಡು ಶುರುವಾದ ಹೊತ್ತನ್ನಷ್ಟೇ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.