ಪಿಯುಸಿ ಓದಿಗೆ ಅಮೆರಿಕದಲ್ಲಿ ಕ್ರೆಡಿಟ್ ಸಿಗುತ್ತದೆಯೇ? ಮೈಸೂರು–ಮಂಡ್ಯದ ಮನೆಗಳಿಗೊಂದು ಕೈಪಿಡಿ

ಮೈಸೂರು, ಮಂಡ್ಯ ಕಡೆಯಿಂದ ಅಮೆರಿಕಕ್ಕೆ ಪದವಿ ಓದಲು ಹೋಗುವ ಮಕ್ಕಳಿಗೆ ಮೊದಲ ಸೆಮಿಸ್ಟರ್‌ನ ಕ್ಯಾಲ್ಕ್ಯುಲಸ್‌ನಲ್ಲಿ ಬಹುಪಾಲು ದ್ವಿತೀಯ ಪಿಯುಸಿಯಲ್ಲಿ ಓದಿ ಮುಗಿಸಿದ್ದೇ ಇರುತ್ತದೆ. ಅದಕ್ಕೇ ಮತ್ತೆ ಡಾಲರ್ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕೇ ಎಂದು ತಂದೆತಾಯಿ ಕೇಳುವುದು ನ್ಯಾಯವೇ. ಆದರೆ ಕ್ರೆಡಿಟ್ (ಓದಿದ ಕೋರ್ಸನ್ನು ಪದವಿಯ ಲೆಕ್ಕಕ್ಕೆ ಸೇರಿಸುವ ಅಳತೆ) ಕೊಡುವವರು ಮಗುವಿಗೆ ಎಷ್ಟು ಗೊತ್ತು ಎಂದು ನೋಡುವುದಿಲ್ಲ. ಯಾವ ಪರೀಕ್ಷೆ ಬರೆದಿದ್ದಾರೆ, ಯಾವ ವಿಶ್ವವಿದ್ಯಾಲಯ ಸೇರುತ್ತಿದ್ದಾರೆ, ಅಲ್ಲಿನ ಯಾವ ವಿಭಾಗದ ಮುಂದೆ ಯಾವ ಕಾಗದ ಇಡುತ್ತಾರೆ ಎಂಬುದೇ ಅಲ್ಲಿ ಮುಖ್ಯ.

ಸೆಮಿಸ್ಟರ್ ಪದ್ಧತಿಯಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು, ಓದಿನ ವರ್ಷವನ್ನು ಮೂರು ಅವಧಿಗಳಾಗಿ ಒಡೆದ ಕ್ವಾರ್ಟರ್ ಪದ್ಧತಿಯಲ್ಲಿ 180. ಒಂದು ಸೆಮಿಸ್ಟರ್ ಕ್ರೆಡಿಟ್ ಒಂದೂವರೆ ಕ್ವಾರ್ಟರ್ ಕ್ರೆಡಿಟ್‌ಗೆ ಸಮ. ಸೆಮಿಸ್ಟರ್‌ಗೆ ಸುಮಾರು 15 ಕ್ರೆಡಿಟ್ ಓದುತ್ತಾರೆ. ಹಾಗಾಗಿ ಮುಂಚೆಯೇ 15 ಕ್ರೆಡಿಟ್ ಕೈಯಲ್ಲಿದ್ದರೆ, ಲೆಕ್ಕದ ಮಟ್ಟಿಗೆ, ಅರ್ಧ ವರ್ಷದ ಶುಲ್ಕ ಉಳಿದಂತೆ. ಲೆಕ್ಕದ ಮಟ್ಟಿಗೆ ಎಂದದ್ದು ಏಕೆಂದು ಕೊನೆಯಲ್ಲಿ ಹೇಳುತ್ತೇವೆ.

ಮೂರು ವಿದ್ಯಾರ್ಹತೆಗಳಿಗೆ ದಾರಿ ಸಲೀಸು: ಎಪಿ (ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವ, ಕಾಲೇಜು ಮಟ್ಟದ ವಿಷಯವಾರು ಪರೀಕ್ಷೆ), ಐಬಿ (ಅಂತರರಾಷ್ಟ್ರೀಯ ಶಾಲೆಗಳ ಡಿಪ್ಲೊಮಾ), ಎ ಲೆವೆಲ್ (ಬ್ರಿಟಿಷ್ ಪದ್ಧತಿಯ ಶಾಲಾಂತ್ಯದ ಪರೀಕ್ಷೆ). ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ವ್ಯವಸ್ಥೆಯನ್ನೇ ನೋಡಿ. ಅಲ್ಲಿ ಎಪಿಯಲ್ಲಿ 5ಕ್ಕೆ 3 ಅಥವಾ ಹೆಚ್ಚು ಬಂದರೆ ಕ್ರೆಡಿಟ್ ಉಂಟು. ಎಪಿಯ ಎರಡು ಕ್ಯಾಲ್ಕ್ಯುಲಸ್ ಪರೀಕ್ಷೆಗಳಲ್ಲಿ ಹೆಚ್ಚು ಪಾಠವಿರುವ ಬಿಸಿಗೆ 8 ಕ್ವಾರ್ಟರ್ ಯೂನಿಟ್ (ಕ್ರೆಡಿಟ್‌ಗೆ ಅಲ್ಲಿನ ಹೆಸರು), ಎಬಿಗೆ 4. ಐಬಿಯ ಹೈಯರ್ ಲೆವೆಲ್ ವಿಷಯದಲ್ಲಿ 5 ಅಥವಾ ಹೆಚ್ಚು ಇದ್ದರೆ ವಿಷಯಕ್ಕೆ 8 ಯೂನಿಟ್. ಇಡೀ ಡಿಪ್ಲೊಮಾದಲ್ಲಿ 30 ಅಥವಾ ಹೆಚ್ಚು ಅಂಕ ಬಂದರೆ ಒಟ್ಟಿಗೆ 30 ಯೂನಿಟ್. ಎ ಲೆವೆಲ್‌ನಲ್ಲಿ ಸಿ ದರ್ಜೆಗೆ ಕಡಿಮೆಯಿಲ್ಲದ ಪ್ರತಿ ವಿಷಯಕ್ಕೆ 12 ಯೂನಿಟ್. ಓಹಿಯೊ, ಇಲಿನಾಯ್ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳು ಎಪಿಯ 3ಕ್ಕೆ ಕ್ರೆಡಿಟ್ ಕೊಡಲೇಬೇಕೆಂದು ರಾಜ್ಯದ ನಿಯಮವೇ ಇದೆ. ಇದಕ್ಕೆ ತದ್ವಿರುದ್ಧವಾಗಿ ಕ್ಯಾಲ್‌ಟೆಕ್ ಮತ್ತು ಡಾರ್ಟ್‌ಮತ್ ಎಪಿಗೆ ಪದವಿಯ ಕ್ರೆಡಿಟ್ ಕೊಡುವುದಿಲ್ಲ. ಮೇಲಿನ ಕೋರ್ಸಿಗೆ ನೇರವಾಗಿ ಕೂರಿಸಬಹುದು, ಅಷ್ಟೇ. ಹೆಸರು ದೊಡ್ಡದಾದಷ್ಟೂ ಕ್ರೆಡಿಟ್ ವಿಷಯದಲ್ಲಿ ಕೈ ಬಿಗಿ ಎಂಬುದು ಬಹುಮಟ್ಟಿಗೆ ನಿಜ.

ನಮ್ಮ ಪಿಯುಸಿ, ಸಿಬಿಎಸ್‌ಇ 12ನೇ ತರಗತಿಗಳ ಕಥೆ ಬೇರೆ. ಇವನ್ನು ಅಮೆರಿಕದ ಮೌಲ್ಯಮಾಪಕರು ಅಲ್ಲಿನ ಹೈಸ್ಕೂಲ್ ಮುಗಿಸಿದ್ದಕ್ಕೆ ಸಮ ಎಂದು ಎಣಿಸುತ್ತಾರೆ. ಅಂದರೆ ಪ್ರವೇಶಕ್ಕೆ ಸಾಕು, ಕ್ರೆಡಿಟ್ ತಾನಾಗಿಯೇ ಬರುವುದಿಲ್ಲ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕೆಲವು ಕಡೆ ವಿಭಾಗಕ್ಕೆ ಮನವಿ ಕೊಡಬಹುದು, ಕೆಲವು ಕಡೆ ವಿಭಾಗವೇ ನಡೆಸುವ ಪರೀಕ್ಷೆ ಬರೆದು ಕ್ರೆಡಿಟ್ ಗಳಿಸಬಹುದು, ಇನ್ನು ಕೆಲವು ಕಡೆ ಕ್ರೆಡಿಟ್ ಇಲ್ಲದೆ ಆ ಕೋರ್ಸಿನಿಂದ ವಿನಾಯಿತಿ ಮಾತ್ರ ಸಿಗುತ್ತದೆ. ವಿನಾಯಿತಿ ಸಿಕ್ಕರೆ ಬೇಸಿಕ್ ಪಾಠ ಮತ್ತೆ ಕೇಳುವುದು ತಪ್ಪುತ್ತದೆ. ಆದರೆ 120ರ ಲೆಕ್ಕದಲ್ಲಿ ಒಂದೂ ಕಡಿಮೆಯಾಗುವುದಿಲ್ಲ, ಆ ಜಾಗಕ್ಕೆ ಬೇರೆ ಕೋರ್ಸ್ ಓದಲೇಬೇಕು. ಸಲಹೆಗಾರರು 'ನಿನಗೆ ಇದು ಬೇಡ' ಎಂದಾಗ, ಕ್ರೆಡಿಟ್ ಬರುತ್ತದೆಯೋ ಬರೀ ವಿನಾಯಿತಿಯೋ ಎಂದು ಅಲ್ಲೇ ಕೇಳಿ ಬರೆಸಿಕೊಳ್ಳಿ. ಹೆಚ್ಚು ಜನ ಮೋಸಹೋಗುವುದು ಇಲ್ಲೇ.

ಮನವಿಯಲ್ಲಿ ಗೆಲ್ಲುವುದು ಪಠ್ಯವನ್ನು ಅಧ್ಯಾಯಕ್ಕೆ ಅಧ್ಯಾಯ ಹೊಂದಿಸಿ ತೋರಿಸಿದವರು. ದ್ವಿತೀಯ ಪಿಯುಸಿ ಗಣಿತದಲ್ಲಿ ನಿರಂತರತೆ, ಅವಕಲನ, ಅದರ ಅನ್ವಯ, ಅನುಕಲನ, ಅವಕಲ ಸಮೀಕರಣ ಎಲ್ಲವೂ ಇವೆ. ಅಮೆರಿಕದ ಕ್ಯಾಲ್ಕ್ಯುಲಸ್ 1 ಬಹುತೇಕ ಇದರೊಳಗೇ ಬರುತ್ತದೆ. ಕ್ಯಾಲ್ಕ್ಯುಲಸ್ 2ರಲ್ಲಿ ಮಾತ್ರ ಅನಂತ ಶ್ರೇಣಿ, ಟೇಲರ್ ಶ್ರೇಣಿ, ಅವು ಅಭಿಸರಿಸುತ್ತವೆಯೇ ಎಂಬ ಪರೀಕ್ಷೆಗಳು ದೊಡ್ಡ ಭಾಗ. ಅವು ನಮ್ಮಲ್ಲಿ ಇಲ್ಲ. ಆದ್ದರಿಂದ 1ಕ್ಕೆ ಮನವಿ ಕೊಡಿ, 2ನ್ನು ಅಲ್ಲಿಯೇ ಓದಿ. ಎರಡನ್ನೂ ಒಟ್ಟಿಗೆ ಕೇಳಿದರೆ ವಿಭಾಗಕ್ಕೆ ಅರ್ಜಿಯ ಮೇಲೆಯೇ ನಂಬಿಕೆ ಹೋಗುತ್ತದೆ.

ಭೌತಶಾಸ್ತ್ರದಲ್ಲಿ ಇನ್ನೊಂದು ತೊಡಕು. ಅಲ್ಲಿ ಮೊದಲ ಕೋರ್ಸ್ ಯಂತ್ರಶಾಸ್ತ್ರ, ಎರಡನೆಯದು ವಿದ್ಯುತ್ ಮತ್ತು ಕಾಂತತ್ವ. ನಮ್ಮಲ್ಲಿ ಯಂತ್ರಶಾಸ್ತ್ರ ಬರುವುದು ಪ್ರಥಮ ಪಿಯುಸಿಯಲ್ಲಿ. ಮಂಡಳಿಯ ಅಂಕಪಟ್ಟಿ ದ್ವಿತೀಯ ವರ್ಷದ್ದು ಮಾತ್ರ. ಹಾಗಾಗಿ ಅದನ್ನಷ್ಟೇ ನೋಡಿದ ಪ್ರಾಧ್ಯಾಪಕರಿಗೆ ಈ ಮಗು ನ್ಯೂಟನ್‌ನ ನಿಯಮ ಓದಿದ್ದಕ್ಕೆ ಆಧಾರವೇ ಕಾಣುವುದಿಲ್ಲ. ಪ್ರಥಮ ಪಿಯುಸಿ ಅಂಕಪಟ್ಟಿಯನ್ನು ಕಾಲೇಜಿನಿಂದ ಪ್ರಾಂಶುಪಾಲರ ಸಹಿ, ಮೊಹರಿನೊಂದಿಗೆ ಪಡೆದು ಜೊತೆಗಿಡಿ. ಸಿಬಿಎಸ್‌ಇಯವರಿಗೂ 11ನೇ ತರಗತಿಯದ್ದು ಹೀಗೆಯೇ.

ಪ್ರಯೋಗಾಲಯಕ್ಕೆ ಅಲ್ಲಿ ಪ್ರತ್ಯೇಕ ಕ್ರೆಡಿಟ್ ಇರುವುದು ಸಾಮಾನ್ಯ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಕ್ಕೆ 30 ಅಂಕ ಪ್ರಾಯೋಗಿಕಕ್ಕೇ ಮೀಸಲು, ಆದರೆ ಅಂಕ ಒಂದೇ ಸಾಲದು. ಮಾಡಿದ ಪ್ರಯೋಗಗಳ ಪಟ್ಟಿ, ಉಪನ್ಯಾಸಕರ ಸಹಿಯಿರುವ ರೆಕಾರ್ಡ್ ಪುಸ್ತಕ ಕೇಳುತ್ತಾರೆ. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ರೆಕಾರ್ಡು ರದ್ದಿ ಅಂಗಡಿಗೆ ಹೋಗಿರುತ್ತದೆ. ದಯವಿಟ್ಟು ಅದನ್ನು ಎತ್ತಿಡಿ, ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿಸಿ. ಕಳೆದುಹೋದ ರೆಕಾರ್ಡನ್ನು ಮತ್ತೆ ಹುಟ್ಟಿಸಲು ಯಾವ ಕಾಲೇಜಿಗೂ ಆಗದು.

ಅಂಕಗಳನ್ನು ನೀವೇ ಜಿಪಿಎಗೆ (ಅಲ್ಲಿನ ಸರಾಸರಿ ದರ್ಜೆಯ ಲೆಕ್ಕ) ಬದಲಾಯಿಸಿ ಬರೆಯಬೇಡಿ. ನಮ್ಮಲ್ಲಿ ಶೇ. 60 ಪ್ರಥಮ ದರ್ಜೆ. ಅಲ್ಲಿನ ಶಿಕ್ಷಕರ ಕಣ್ಣಿಗೆ 60 ಎಂದರೆ ನಪಾಸಿನ ಅಂಚು. ಪಿಯುಸಿಯಲ್ಲಿ 600ಕ್ಕೆ 510 ಅಥವಾ ಹೆಚ್ಚು ಬಂದರೆ ಡಿಸ್ಟಿಂಕ್ಷನ್ ಎಂಬುದನ್ನು ವಿವರಿಸುವ ದರ್ಜೆ ಕೋಷ್ಟಕವನ್ನು ಅಂಕಪಟ್ಟಿಯ ಜೊತೆ ಸೇರಿಸಿ. ಕೆಲವು ವಿಶ್ವವಿದ್ಯಾಲಯಗಳು ಹೊರಗಿನ ಮೌಲ್ಯಮಾಪನ ಸಂಸ್ಥೆಯ ವರದಿ ಕೇಳುತ್ತವೆ. ಅದು ಅಮೆರಿಕದ ಇಂಥ ಸಂಸ್ಥೆಗಳ ಒಕ್ಕೂಟವಾದ ನೇಸಸ್‌ನ (NACES) ಸದಸ್ಯ ಸಂಸ್ಥೆಯದೇ ಆಗಿರಲಿ, ವಿಷಯವಾರು ವರದಿಯನ್ನೇ ಮಾಡಿಸಿ. ಸಾಮಾನ್ಯ ವರದಿಗೆ ಕಡಿಮೆ ದುಡ್ಡು ಸಾಕು, ಆದರೆ ಕ್ರೆಡಿಟ್ ಮನವಿಗೆ ಅದು ನಿಷ್ಪ್ರಯೋಜಕ.

ಹೆಸರಿನ ತೊಂದರೆ ನಮ್ಮ ಕಡೆಯವರಿಗೆ ತುಸು ಹೆಚ್ಚು. ಅಂಕಪಟ್ಟಿಯಲ್ಲಿ 'ಕಾವ್ಯ ಎಂ.ಎಸ್.' ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನದೋ ತಂದೆಯದೋ ಹೆಸರು ಉಪನಾಮವಾಗಿರುತ್ತದೆ. ವಿಶ್ವವಿದ್ಯಾಲಯದ ಗಣಕದಲ್ಲಿ ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು; ಕಳಿಸಿದ ಅಂಕ ಯಾರ ಖಾತೆಗೂ ಸೇರದೆ ಬಿದ್ದಿರುತ್ತದೆ. ಎಪಿ, ಎಸ್‌ಎಟಿ (ಪದವಿ ಪ್ರವೇಶದ ಪರೀಕ್ಷೆ) ನೋಂದಣಿಯನ್ನು ಪಾಸ್‌ಪೋರ್ಟಿನ ಹೆಸರಲ್ಲೇ ಮಾಡಿ. ಪಿಯುಸಿಯ ಹೆಸರಿಗೆ, ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಒಂದನ್ನು ಹೊರಡುವ ಮೊದಲೇ ಮಾಡಿಸಿಟ್ಟುಕೊಳ್ಳಿ. ಅಮೆರಿಕದಲ್ಲಿದ್ದುಕೊಂಡು ಮಂಡ್ಯದ ಕೋರ್ಟ್ ಆವರಣದ ಕೆಲಸ ಮಾಡಿಸುವುದು ಕಷ್ಟ.

ಕಾಗದಗಳನ್ನು ತೆಗೆಸುವವರು ಸಾಮಾನ್ಯವಾಗಿ ಊರಲ್ಲಿರುವ ತಂದೆಯೋ ಚಿಕ್ಕಪ್ಪನೋ. ಪ್ರಾಂಶುಪಾಲರ ಸಹಿ ಲಕೋಟೆಯ ಮಡಿಕೆಯ ಮೇಲೇ ಬೀಳಬೇಕು, ಲಕೋಟೆ ಒಡೆಯಬಾರದು. ಇಂಥ ನಾಲ್ಕೈದನ್ನು ಒಂದೇ ಸಲ ಪಡೆಯಿರಿ. ಅಂಕಪಟ್ಟಿ ಕಳೆದಿದ್ದರೆ ಕಾಲೇಜಿನ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಅರ್ಜಿ ಹಾಕಬೇಕು. ದಾರಿ ತಿಳಿಯದಿದ್ದರೆ ಜಿಲ್ಲೆಯ ಪದವಿಪೂರ್ವ ಶಿಕ್ಷಣ ಉಪನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ.

ಇನ್ನೂ ಪಿಯುಸಿಯಲ್ಲಿರುವ ಮಕ್ಕಳಿಗೆ ಇದಕ್ಕಿಂತ ಭದ್ರವಾದ ದಾರಿ ಒಂದಿದೆ: ಒಂದೆರಡು ಎಪಿ ಪರೀಕ್ಷೆ ಬರೆಯುವುದು. ಪರೀಕ್ಷೆ ಮೇ ತಿಂಗಳ ಮೊದಲ ಎರಡು ವಾರದಲ್ಲಿ, ಕೇಂದ್ರ ಹುಡುಕುವುದು ಮತ್ತು ನೋಂದಣಿ ಹಿಂದಿನ ವರ್ಷವೇ ಆಗಬೇಕು. ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಸಿಗುವ ವಾರಗಳಲ್ಲಿ ಕ್ಯಾಲ್ಕ್ಯುಲಸ್ ಎಬಿಗೆ ತಯಾರಾಗಬಹುದು. ಬಿಸಿಗೆ ಶ್ರೇಣಿಗಳನ್ನು ಹೊಸದಾಗಿ ಕಲಿಯಬೇಕು, ಅದಕ್ಕೆ ಮುಂಚಿನಿಂದಲೇ ಸಮಯ ಎತ್ತಿಡಿ. ನೀಟ್ ಬರೆಯುವವರಿಗೆ ಇದು ಹೊಂದುವುದಿಲ್ಲ, ಎರಡೂ ಮೇ ಆರಂಭಕ್ಕೇ ಬರುತ್ತವೆ. ಒಂದು ವಿಶ್ವವಿದ್ಯಾಲಯಕ್ಕೆ ಅಂಕವನ್ನು ಉಚಿತವಾಗಿ ಕಳಿಸಲು ಜೂನ್ 20ರ ವರೆಗೆ ಅವಕಾಶವಿದೆ, ಆಮೇಲೆ ಪ್ರತಿ ವರದಿಗೆ ಶುಲ್ಕ. ಅಂಕ ಜುಲೈಯಲ್ಲಿ ಬರುತ್ತದೆ, ಕೋರ್ಸ್ ಆಯ್ಕೆಯೂ ಅದೇ ಹೊತ್ತಿಗೆ. ಕಾಲೇಜ್ ಬೋರ್ಡ್‌ನಿಂದಲೇ ನೇರ ಹೋದ ಅಂಕಕ್ಕೆ ಮಾತ್ರ ಬೆಲೆ. ಪರದೆಯ ಫೋಟೋ ನಡೆಯುವುದಿಲ್ಲ.

ಅಲ್ಲಿ ಕೆಲಸದಲ್ಲಿರುವ ತಂದೆತಾಯಿಯ ಜೊತೆ ಎಚ್4 ವೀಸಾದಲ್ಲಿ ಹೋಗಿ ಅಲ್ಲಿನ ಶಾಲೆ ಸೇರಿದ ಮಕ್ಕಳಿಗೆ ಕ್ಲೆಪ್ (CLEP) ಪರೀಕ್ಷೆಯೂ ಇದೆ; ಇದೂ ಕಾಲೇಜ್ ಬೋರ್ಡ್‌ನದೇ, ಬರೆದು ಕಾಲೇಜು ಕ್ರೆಡಿಟ್ ಗಳಿಸುವಂಥದ್ದು. ಅಂಕ 20ರಿಂದ 80ರ ವರೆಗೆ, ಅನೇಕ ಕಡೆ 50 ಬಂದರೆ ಕ್ರೆಡಿಟ್. ಮೇಲೆ ಹೇಳಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮಾತ್ರ ಇದನ್ನು ಒಪ್ಪುವುದಿಲ್ಲ. ಭಾಷೆಯ ವಿಷಯದಲ್ಲಿ ಕ್ಲೆಪ್‌ನಲ್ಲಿ ಕನ್ನಡವಿಲ್ಲ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಅಂಕಪಟ್ಟಿಯಲ್ಲಿ ಕನ್ನಡ ಭಾಷೆಯ ಅಂಕ ತೋರಿಸಿ, ವಿದೇಶಿ ಭಾಷೆಯ ಕಡ್ಡಾಯ ನಿಯಮದಿಂದ ವಿನಾಯಿತಿ ಪಡೆಯುವುದು ಹಲವು ವಿಶ್ವವಿದ್ಯಾಲಯಗಳಲ್ಲಿ ಸಾಧ್ಯ. ಎರಡು, ಮೂರು ಸೆಮಿಸ್ಟರ್‌ಗಳ ಸ್ಪ್ಯಾನಿಷ್ ತಪ್ಪಿ ಆ ಜಾಗದಲ್ಲಿ ತನಗೆ ಬೇಕಾದ ವಿಷಯ ಓದುವ ಅವಕಾಶ ಅದು. ಕೇಳದೆ ಬಿಡಬೇಡಿ.

ಇನ್ನು, ಸಿಕ್ಕ ಕ್ರೆಡಿಟ್ಟನ್ನೆಲ್ಲ ತೆಗೆದುಕೊಳ್ಳಬೇಕೇ? ಇಲ್ಲ. ಪದವಿಯ ಬಳಿಕ ಅಲ್ಲೇ ಮೆಡಿಕಲ್ ಸೇರುವ ಆಸೆಯಿರುವವರು ಜೀವ, ರಸಾಯನಶಾಸ್ತ್ರಗಳಲ್ಲಿ ಜಾಗ್ರತೆಯಿಂದಿರಬೇಕು. ಅಮೆರಿಕದ ಹಲವು ವೈದ್ಯಕೀಯ ಶಾಲೆಗಳು ಎಪಿಯಿಂದ ಬಂದ ಕ್ರೆಡಿಟ್ಟನ್ನು ಪೂರ್ವಾಪೇಕ್ಷಿತ ಕೋರ್ಸಾಗಿ ಒಪ್ಪುವುದಿಲ್ಲ. ಒಂದು ಕೋರ್ಸಿಗೆ ಕ್ರೆಡಿಟ್ ಪಡೆದು ಮತ್ತೆ ಅದೇ ಕೋರ್ಸ್ ಓದಿದರೆ ಎರಡರಲ್ಲಿ ಒಂದು ಮಾತ್ರ ಎಣಿಕೆಗೆ ಬರುತ್ತದೆ. ಎಫ್1 (ವಿದ್ಯಾರ್ಥಿ) ವೀಸಾದವರು ಸೆಮಿಸ್ಟರ್‌ಗೆ 12 ಕ್ರೆಡಿಟ್ ಓದಲೇಬೇಕು, ಕೊನೆಯ ಸೆಮಿಸ್ಟರ್, ಅನಾರೋಗ್ಯದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅನುಮತಿಯಿಂದ ಕಡಿಮೆ ಮಾಡಬಹುದು. ಇಂಜಿನಿಯರಿಂಗ್‌ನಲ್ಲಿ ಒಂದು ಕೋರ್ಸ್ ಮುಗಿಯದೆ ಮುಂದಿನದು ಇಲ್ಲ ಎಂಬ ಸರಪಳಿ ಎಂಟು ಸೆಮಿಸ್ಟರ್ ಉದ್ದ ಇದ್ದರೆ, 30 ಕ್ರೆಡಿಟ್ ಮುಂಚೆಯೇ ಇದ್ದರೂ ಪದವಿ ಒಂದು ವರ್ಷ ಮೊದಲು ಮುಗಿಯುವುದಿಲ್ಲ. ಲೆಕ್ಕದ ಮಟ್ಟಿಗೆ ಎಂದದ್ದು ಇದಕ್ಕೇ.

ಕ್ರೆಡಿಟ್ ಮಂಜೂರಾದ ಮೇಲೆ ವಿದ್ಯಾರ್ಥಿಯ ಖಾತೆಯಲ್ಲಿ ಡಿಗ್ರಿ ಆಡಿಟ್ ಎಂಬ ಪುಟ ತೆರೆದು ನೋಡಿ. ಅದು 'ಐಚ್ಛಿಕ' ಎಂಬ ಸಾಲಿನಲ್ಲಿ ಬಿದ್ದಿದ್ದರೆ ಒಟ್ಟು ಮೊತ್ತಕ್ಕೆ ಸೇರುತ್ತದೆ, ಕಡ್ಡಾಯ ಕ್ಯಾಲ್ಕ್ಯುಲಸ್ 1 ಮಾತ್ರ ಬಾಕಿಯೇ ಇರುತ್ತದೆ. ಅದನ್ನು ಸರಿಯಾದ ಸಾಲಿಗೆ ಹಾಕಿಸುವುದು ವಿಭಾಗದ ಸಲಹೆಗಾರರ ಕೆಲಸ. ಮೊದಲ ವಾರದ ಕೋರ್ಸ್ ಬದಲಾವಣೆಯ ಗಡುವು ಮುಗಿಯುವುದರೊಳಗೆ ಅವರಿಗೆ ಇಮೇಲ್ ಬರೆದು, ಉತ್ತರವನ್ನು ಉಳಿಸಿಟ್ಟುಕೊಳ್ಳಿ.