ಒಂದು ಫಲಕ, ಎರಡು ಉತ್ಪನ್ನ: ಪಿವಿಟಿ ಸಹಸಂಶೋಧನೆಯಲ್ಲಿ ನನ್ನ ಅನುಭವ

ಒಂದೇ ಚೌಕಟ್ಟಿನೊಳಗೆ ವಿದ್ಯುತ್ತನ್ನೂ ಶಾಖವನ್ನೂ ಕೊಡುವ ಸೌರ ಫಲಕಕ್ಕೆ ನಮ್ಮ ಕ್ಷೇತ್ರದಲ್ಲಿ ಪಿವಿಟಿ ಎನ್ನುತ್ತಾರೆ. ಸಾಮಾನ್ಯ ಸಿಲಿಕಾನ್ ಫಲಕ ತನ್ನ ಮೇಲೆ ಬಿದ್ದ ಬಿಸಿಲಿನ ಐದನೇ ಒಂದು ಭಾಗದಷ್ಟನ್ನು ಮಾತ್ರ ವಿದ್ಯುತ್ತಾಗಿ ಬದಲಿಸುತ್ತದೆ. ಉಳಿದದ್ದರಲ್ಲಿ ಬಹುಪಾಲು ಶಾಖವಾಗಿ ಸೆಲ್ಲುಗಳನ್ನೇ ಬಿಸಿ ಮಾಡುತ್ತದೆ. ಸೆಲ್ಲಿನ ಉಷ್ಣತೆ ಒಂದು ಡಿಗ್ರಿ ಏರಿದರೆ ವಿದ್ಯುತ್ ಉತ್ಪಾದನೆ ಶೇ 0.3ರಿಂದ 0.5ರಷ್ಟು ಕುಗ್ಗುತ್ತದೆ. ಹಾಗಾದರೆ ಹಿಂಬದಿಗೆ ಕೊಳವೆಗಳನ್ನು ಅಂಟಿಸಿ, ಅವುಗಳಲ್ಲಿ ದ್ರವ ಹರಿಸಿ, ಆ ಶಾಖವನ್ನು ಉಪಯೋಗಕ್ಕೆ ತೆಗೆದುಕೊಳ್ಳಬಾರದೇಕೆ ಎಂಬ ಯೋಚನೆ ಹೊಸದಲ್ಲ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಕಟ್ಟಿದ ‘ಸೋಲಾರ್ ಒನ್’ ಮನೆಯ ಚಾವಣಿ ಇದೇ ತತ್ತ್ವದ ಮೇಲೆ, ಗಾಳಿಯನ್ನು ಮಾಧ್ಯಮವಾಗಿಟ್ಟುಕೊಂಡು ಕೆಲಸ ಮಾಡುತ್ತಿತ್ತು. ಯೋಚನೆಗೆ ಅರ್ಧ ಶತಮಾನ ತುಂಬಿದ್ದರೂ, ಫಲಕ ಎಷ್ಟು ಕೊಡುತ್ತದೆ ಎಂಬುದನ್ನು ಎಲ್ಲರೂ ಒಪ್ಪುವ ರೀತಿಯಲ್ಲಿ ಹೇಳುವುದು ಮಾತ್ರ ಬಹಳ ಕಾಲ ಸಾಧ್ಯವಾಗಿರಲಿಲ್ಲ. ನಾನು ಕೆಲಸ ಮಾಡಿದ್ದು ಆ ಭಾಗದಲ್ಲಿ.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಕರ್ನಾಟಕದಿಂದ ಸ್ವಿಟ್ಜರ್ಲೆಂಡಿಗೆ ಬಂದ ನನಗೆ, ಸೌರ ಸಂಗ್ರಾಹಕಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಸಿಕ್ಕಿತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಡಿಯಲ್ಲಿ 1977ರಿಂದ ನಡೆಯುತ್ತಿರುವ ಸೌರ ತಾಪನ ಮತ್ತು ಶೀತಲೀಕರಣ ಕಾರ್ಯಕ್ರಮವು ಪಿವಿಟಿಗಾಗಿ 2005ರಿಂದ 2007ರವರೆಗೆ ‘ಟಾಸ್ಕ್ 35’ ಎಂಬ ಸಹಯೋಗವನ್ನೂ, 2018ರಿಂದ 2020ರವರೆಗೆ ಸ್ವಿಟ್ಜರ್ಲೆಂಡಿನ ಜಾನ್ ಕ್ರಿಸ್ಟೋಫ್ ಹಡೋರ್ನ್ ಅವರ ನೇತೃತ್ವದಲ್ಲಿ ‘ಟಾಸ್ಕ್ 60’ ಎಂಬ ಸಹಯೋಗವನ್ನೂ ನಡೆಸಿತು. ಎರಡನೆಯದಕ್ಕೆ ಅಳತೆಯ ಅಂಕಿಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ನಾನಿದ್ದೆ. ಇಂತಹ ಸಹಯೋಗಕ್ಕೆ ಎಲ್ಲರಿಗೂ ಹಣ ಹಂಚುವ ಸಾಮಾನ್ಯ ಬೊಕ್ಕಸವಿಲ್ಲ ಎಂಬುದನ್ನು ಹೊರಗಿನವರು ತಿಳಿದಿರುವುದಿಲ್ಲ. ಪ್ರತಿ ದೇಶವೂ ತನ್ನ ಸಂಶೋಧಕರ ವೆಚ್ಚವನ್ನು ತಾನೇ ಭರಿಸುತ್ತದೆ. ಹಂಚಿಕೊಳ್ಳುವುದು ವಿಧಾನವನ್ನು ಮತ್ತು ಅಂಕಿಗಳನ್ನು. ಆದ್ದರಿಂದ ಅಂಕಿಗಳು ಒಂದಕ್ಕೊಂದು ಹೋಲಿಸುವಂತಿಲ್ಲದಿದ್ದರೆ ಸಹಯೋಗದ ಫಲವೇ ಇಲ್ಲ.

ಹೋಲಿಕೆಯ ಮೊದಲ ತೊಡಕು ತುಂಬ ಸರಳವಾದ ಪ್ರಶ್ನೆಯೊಂದರಲ್ಲಿದೆ: ಶಾಖವನ್ನು ಅಳೆಯುವಾಗ ಫಲಕದಿಂದ ವಿದ್ಯುತ್ತನ್ನು ಹೊರಗೆ ತೆಗೆಯಲಾಗುತ್ತಿತ್ತೇ, ಇಲ್ಲವೇ? ತೆಗೆಯದಿದ್ದರೆ ವಿದ್ಯುತ್ತಾಗಬೇಕಿದ್ದ ಶಕ್ತಿಯೂ ಸೆಲ್ಲಿನಲ್ಲೇ ಶಾಖವಾಗಿ ಉಳಿದು, ಅದರ ಒಂದು ಪಾಲು ದ್ರವವನ್ನು ಸೇರುತ್ತದೆ. ಗಾಜು ಮತ್ತು ಸೆಲ್ ಸೇರಿ ಬಿಸಿಲಿನ ಶೇ 88ನ್ನು ಹೀರುತ್ತವೆ, ಶಾಖದ ಮುಕ್ಕಾಲು ಭಾಗ ದ್ರವಕ್ಕೆ ದಾಟುತ್ತದೆ, ವಿದ್ಯುತ್ ದಕ್ಷತೆ ಶೇ 16 ಎಂದು ಇಟ್ಟುಕೊಳ್ಳೋಣ. ದ್ರವವು ಸುತ್ತಲಿನ ಗಾಳಿಯಷ್ಟೇ ಉಷ್ಣತೆಯಲ್ಲಿದ್ದಾಗ, ವಿದ್ಯುತ್ ತೆಗೆಯದೆ ಅಳೆದರೆ ಶಾಖದ ದಕ್ಷತೆ ಶೇ 66 ಎಂದು ಬರುತ್ತದೆ. ವಿದ್ಯುತ್ ತೆಗೆಯುತ್ತಾ ಅಳೆದರೆ ಶೇ 54. ಫಲಕ ಅದೇ, ಬಿಸಿಲು ಅದೇ, ವ್ಯತ್ಯಾಸ 12 ಅಂಶ. ಶೇ 66ರ ಶಾಖ ಮತ್ತು ಶೇ 16ರ ವಿದ್ಯುತ್ ಎರಡನ್ನೂ ಒಂದೇ ಮಾಹಿತಿ ಪತ್ರದಲ್ಲಿ ಅಕ್ಕಪಕ್ಕ ಮುದ್ರಿಸಿದರೆ, ಒಟ್ಟಿಗೆ ಎಂದೂ ಸಿಗದ ಎರಡು ಫಲಗಳನ್ನು ಒಟ್ಟಿಗೆ ಮಾರಿದಂತಾಗುತ್ತದೆ. ಪಿವಿಟಿಯ ಬಗ್ಗೆ ಗ್ರಾಹಕರಲ್ಲಿ ಹುಟ್ಟಿದ ಅಪನಂಬಿಕೆಗೆ ಈ ಒಂದು ಅಭ್ಯಾಸವೇ ಸಾಕಷ್ಟು ಕಾರಣವೆಂದು ನಾನು ನಂಬಿದ್ದೇನೆ.

ಆದ್ದರಿಂದ ನಮ್ಮ ಪರೀಕ್ಷಾ ಪೀಠದಲ್ಲಿ ಮೊದಲು ಜೋಡಿಸಿದ್ದು ಫಲಕದ ವಿದ್ಯುತ್ತನ್ನು ಎಳೆದುಕೊಳ್ಳುವ ಸಾಧನವಾದ ಎಲೆಕ್ಟ್ರಾನಿಕ್ ಲೋಡ್. ಬಿಸಿಲು ಬದಲಾದಂತೆ ಫಲಕದ ಗರಿಷ್ಠ ಉತ್ಪಾದನೆಯ ಬಿಂದುವನ್ನು ಅದು ಹಿಂಬಾಲಿಸುತ್ತಿರುತ್ತದೆ, ಶಾಖದ ಅಳತೆ ಅದರ ಜೊತೆಯಲ್ಲೇ ನಡೆಯುತ್ತದೆ. ಒಳಬರುವ ದ್ರವದ ಉಷ್ಣತೆಯನ್ನು ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಸ್ಥಿರ ಸ್ಥಿತಿ ಬರುವವರೆಗೆ ಕಾಯಬೇಕು. ಮೇಲೆ ಹೆಚ್ಚುವರಿ ಗಾಜಿಲ್ಲದ ಫಲಕವಾದರೆ ಗಾಳಿಯ ವೇಗ ನಿರ್ಣಾಯಕ. ಬೀಸಣಿಗೆ ಯಂತ್ರಗಳನ್ನು ಸಾಲಾಗಿ ಇಟ್ಟು ಬೇರೆ ಬೇರೆ ವೇಗಗಳಲ್ಲಿ ಅಳತೆಯನ್ನು ಪುನರಾವರ್ತಿಸುತ್ತಿದ್ದೆವು. ಬಿಸಿಲನ್ನು ಅಳೆಯುವ ಪೈರಾನೋಮೀಟರ್ ಜೊತೆಗೆ, ಆಕಾಶದ ದೀರ್ಘತರಂಗ ವಿಕಿರಣವನ್ನು ಅಳೆಯುವ ಪೈರ್ಜಿಯೋಮೀಟರ್ ಕೂಡ ಬೇಕು, ಏಕೆಂದರೆ ತೆರೆದ ಫಲಕವು ನಿರಭ್ರ ಆಕಾಶಕ್ಕೆ ಗಣನೀಯ ಶಾಖವನ್ನು ಬಿಟ್ಟುಕೊಡುತ್ತದೆ. ಉಷ್ಣ ಸಂಗ್ರಾಹಕಗಳ ಪರೀಕ್ಷೆಗಿರುವ ಐಎಸ್‌ಒ 9806 ಮಾನದಂಡದ 2017ರ ಆವೃತ್ತಿ ಈ ಬಗೆಯ ಫಲಕಗಳನ್ನೂ ಒಳಗೊಳ್ಳುತ್ತದೆ. ಫಲಕದ ವಿದ್ಯುತ್ ಭಾಗದ ಬಾಳಿಕೆಯ ಪರೀಕ್ಷೆ ಮಾತ್ರ ಐಇಸಿ 61215ರ ಪ್ರಕಾರ ಬೇರೆಯಾಗಿ ನಡೆಯುತ್ತದೆ.

ಇವೆಲ್ಲಕ್ಕಿಂತ ನನ್ನ ಗಮನವನ್ನು ಹೆಚ್ಚು ಹಿಡಿದಿಟ್ಟದ್ದು ಸೆಲ್ಲಿನ ನಿಜವಾದ ಉಷ್ಣತೆ. ಪದರಗಳ ನಡುವೆ ಮುಚ್ಚಿಹೋದ ಸೆಲ್ಲಿಗೆ ಸಂವೇದಕವನ್ನು ತಾಗಿಸಲಾಗುವುದಿಲ್ಲ, ಹಿಂಬದಿಯಲ್ಲಿ ಅಂಟಿಸಿದರೆ ಅದು ಕೊಳವೆಯ ತಂಪನ್ನೇ ಹೇಳುತ್ತದೆ. ಸೆಲ್ ಬಿಸಿಯಾದಂತೆ ಅದರ ತೆರೆದ ಮಂಡಲದ ವೋಲ್ಟೇಜ್ ಇಳಿಯುತ್ತದೆ ಎಂಬ ಗುಣವನ್ನು ಬಳಸಿ, ಲೋಡನ್ನು ಕ್ಷಣಕಾಲ ಬಿಡಿಸಿ ವೋಲ್ಟೇಜ್ ಓದಿ, ಅದರಿಂದ ಉಷ್ಣತೆಯನ್ನು ಲೆಕ್ಕ ಹಾಕುತ್ತಿದ್ದೆವು. ಸೆಲ್ ಮತ್ತು ದ್ರವದ ನಡುವಿನ ಉಷ್ಣತೆಯ ಅಂತರ ಹೀಗೆ ತಿಳಿದರೆ, ಅಂಟು ಎಷ್ಟು ಚೆನ್ನಾಗಿ ಶಾಖ ದಾಟಿಸುತ್ತಿದೆ ಎಂಬುದು ಒಂದೇ ಸಂಖ್ಯೆಯಲ್ಲಿ ಹೊರಬರುತ್ತದೆ. ಅಂಟಿನ ನಡುವೆ ಗಾಳಿಯ ಗುಳ್ಳೆಗಳು ಉಳಿದ ಫಲಕವನ್ನು, ಅದನ್ನು ಬಿಚ್ಚದೆಯೇ, ಈ ಸಂಖ್ಯೆಯಿಂದ ಗುರುತಿಸಬಹುದು.

ಬೇರೆ ದೇಶದ ಇನ್ನೊಂದು ಪ್ರಯೋಗಾಲಯದವರೊಡನೆ ಒಂದೇ ಮಾದರಿಯ ಫಲಕದ ಫಲಿತಾಂಶವನ್ನು ಹೋಲಿಸಿದಾಗ ಶಾಖದ ಅಂಕಿಗಳು ದೂರದೂರ ನಿಂತವು. ಕಚ್ಚಾ ದಾಖಲೆಗಳನ್ನು ಸಾಲುಸಾಲಾಗಿ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಅಂತರದ ಬಹುಪಾಲು ಎರಡೇ ಕಡೆಯಿಂದ ಬಂದದ್ದು ತಿಳಿಯಿತು: ಅವರದು ಲೋಡಿಲ್ಲದ ಅಳತೆ, ಮತ್ತು ಅವರು ಭಾಗಿಸಿದ್ದು ಚೌಕಟ್ಟನ್ನು ಬಿಟ್ಟ ವಿಸ್ತೀರ್ಣದಿಂದ, ನಾವು ಭಾಗಿಸಿದ್ದು ಒಟ್ಟು ವಿಸ್ತೀರ್ಣದಿಂದ. ಅವರ ಹಳೆಯ ಯೋಜನೆಗೆ ಆ ರೀತಿಯೇ ಸರಿಯಾಗಿತ್ತು. ಇಬ್ಬರೂ ತಮ್ಮ ತಮ್ಮ ನೆಲೆಯಲ್ಲಿ ಶುದ್ಧವಾಗಿ ಅಳೆದಿದ್ದರು. ಆದರೂ ಒಬ್ಬರ ಅಂಕಿಯನ್ನು ಇನ್ನೊಬ್ಬರ ಕೋಷ್ಟಕದಲ್ಲಿ ಬರೆಯುವಂತಿರಲಿಲ್ಲ. ಸಭೆಗಳಲ್ಲಿ ನಿಜವಾದ ಸಂಶೋಧನೆ ನಡೆಯುವುದು ಇಂತಹ ಹೊತ್ತಿನಲ್ಲಿ. ಕಚ್ಚಾ ದಾಖಲೆಯನ್ನು ತೋರಿಸಲು ಒಪ್ಪುವ ಗೆಳೆಯರು ಸಿಗುವುದು, ನನ್ನ ದೃಷ್ಟಿಯಲ್ಲಿ, ದುಬಾರಿ ಉಪಕರಣ ಸಿಗುವುದಕ್ಕಿಂತ ದೊಡ್ಡ ಭಾಗ್ಯ.

ಫಲಕದಿಂದ ಇಡೀ ವ್ಯವಸ್ಥೆಗೆ ಬಂದಾಗ ಪ್ರಶ್ನೆ ಇನ್ನಷ್ಟು ಹಿಗ್ಗುತ್ತದೆ. ಶಾಖವನ್ನು ಲೆಕ್ಕಕ್ಕೆ ಹಿಡಿಯುವುದು ಫಲಕದ ಬಾಯಲ್ಲೋ, ತೊಟ್ಟಿಯ ಬಾಯಲ್ಲೋ, ಬಚ್ಚಲ ನಲ್ಲಿಯಲ್ಲೋ? ಪಂಪಿನ ವಿದ್ಯುತ್ತನ್ನು ಕಳೆಯಬೇಕೇ? ಸೌರಶಕ್ತಿ ಮತ್ತು ಹೀಟ್ ಪಂಪುಗಳ ಜೋಡಣೆಯನ್ನು ಅಧ್ಯಯನ ಮಾಡಿದ ‘ಟಾಸ್ಕ್ 44’ ಇಂತಹ ಗಡಿರೇಖೆಗಳನ್ನು ಎಳೆದು ತೋರಿಸುವ ರೀತಿಯನ್ನು ಮೊದಲೇ ರೂಪಿಸಿದ್ದರಿಂದ ನಮ್ಮ ಕೆಲಸ ಹಗುರವಾಯಿತು. ಶಾಖದ ಯೂನಿಟ್ಟನ್ನೂ ವಿದ್ಯುತ್ತಿನ ಯೂನಿಟ್ಟನ್ನೂ ಕೂಡಿಸಿ ಒಂದೇ ಮೊತ್ತ ಹೇಳುವುದನ್ನು ನಾನು ಕೊನೆಯವರೆಗೂ ವಿರೋಧಿಸಿದೆ, ಈಗಲೂ ವಿರೋಧಿಸುತ್ತೇನೆ. 30 ಡಿಗ್ರಿಯ ನೀರಿನಲ್ಲಿರುವ ಒಂದು ಯೂನಿಟ್ ಮತ್ತು ತಂತಿಯಲ್ಲಿರುವ ಒಂದು ಯೂನಿಟ್ ಮಾಡಬಲ್ಲ ಕೆಲಸ ಒಂದೇ ಅಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ಪಿವಿಟಿ ಬೇರೂರಿದ್ದಕ್ಕೆ ಕಾರಣ ಕಡಿಮೆ ಉಷ್ಣತೆಯ ಶಾಖಕ್ಕೆ ಅಲ್ಲಿ ಬೇಡಿಕೆಯಿರುವುದು. ಬರ್ನ್ ನಗರದ ಪಕ್ಕದ ಓಸ್ಟರ್‌ಮುಂಡಿಗನ್ನಿನ ಓಬರ್‌ಫೆಲ್ಡ್ ವಸತಿ ಸಮುಚ್ಚಯದಂತಹ ಕಡೆಗಳಲ್ಲಿ ಚಳಿಗಾಲದಲ್ಲಿ ಹೀಟ್ ಪಂಪುಗಳು ಆಳದ ಭೂಬಾವಿಗಳಿಂದ ಶಾಖ ಎಳೆದು ಮನೆ ಬೆಚ್ಚಗಿಡುತ್ತವೆ. ವರ್ಷ ವರ್ಷವೂ ಬರೀ ಎಳೆದರೆ ನೆಲ ತಣ್ಣಗಾಗುತ್ತ ಹೋಗುತ್ತದೆ. ಬೇಸಿಗೆಯಲ್ಲಿ ಪಿವಿಟಿ ಶಾಖವನ್ನು ಅದೇ ಬಾವಿಗಳಿಗೆ ಇಳಿಸಿ ನೆಲವನ್ನು ಮತ್ತೆ ತುಂಬಿಸುತ್ತಾರೆ, ಆ ಹೊತ್ತಿಗೆ ಸೆಲ್ಲುಗಳೂ ತಂಪಾಗಿ ಹೆಚ್ಚು ವಿದ್ಯುತ್ ಕೊಡುತ್ತವೆ. ಎರಡು ಉತ್ಪನ್ನಗಳ ನಡುವೆ ಇಲ್ಲಿ ಜಗಳವಿಲ್ಲ. ಫಲಕವು ಸುತ್ತಲಿನ ಗಾಳಿಗಿಂತ ಸಾಕಷ್ಟು ತಣ್ಣಗಿರುವಾಗ ಗಾಳಿಯ ತೇವ ಹಿಂಬದಿಯಲ್ಲಿ ನೀರಾಗಿ ಕಟ್ಟುತ್ತದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಜಂಕ್ಷನ್ ಬಾಕ್ಸನ್ನು ಆ ನೀರು ಇಳಿಯುವ ದಾರಿಯಿಂದ ದೂರವಿಡಬೇಕು.

ಊರಿನಿಂದ ಕರೆ ಮಾಡಿ ವಿಚಾರಿಸುವ ಎಂಜಿನಿಯರ್ ಗೆಳೆಯರಿಗೆ ಬೇಕಿರುವುದು ಸ್ನಾನದ ನೀರು, ಅದೂ 60 ಡಿಗ್ರಿಯದು. ನೀರನ್ನು ಅಷ್ಟು ಕಾಯಿಸಬೇಕಾದರೆ ಸೆಲ್ ಅದಕ್ಕಿಂತಲೂ ಬಿಸಿಯಾಗಿರಲೇಬೇಕು. 25 ಡಿಗ್ರಿಯಲ್ಲಿ ಶೇ 18 ದಕ್ಷತೆಯಿರುವ, ಡಿಗ್ರಿಗೆ ಶೇ 0.4 ಕುಗ್ಗುವ ಫಲಕ 65 ಡಿಗ್ರಿಯಲ್ಲಿ ಶೇ 15.1ಕ್ಕೆ ಇಳಿಯುತ್ತದೆ, ಅಂದರೆ ತಂಪುಮಾಡಿದ ಲಾಭ ಉಳಿಯುವುದಿಲ್ಲ. ಮೇಲೊಂದು ಗಾಜು ಹೊದಿಸಿದರೆ ನೀರು ಕಾಯುವುದು ಸುಲಭ, ಆದರೆ ಪಂಪ್ ನಿಂತ ದಿನ ಒಳಗಿನ ಬಿಸಿ 100 ಡಿಗ್ರಿಯನ್ನು ಮೀರಿ, ಸೆಲ್ಲುಗಳನ್ನು ಹಿಡಿದಿಡುವ ಇವಿಎ ಪದರ ಕೆಡತೊಡಗುತ್ತದೆ. ಹಾಗಾಗಿ ಹಾಸ್ಟೆಲ್, ಆಸ್ಪತ್ರೆಗಳಂತಹ ಕಡೆ ತೊಟ್ಟಿಯ ನೀರನ್ನು 25ರಿಂದ 40 ಡಿಗ್ರಿಗೆ ಪಿವಿಟಿಯಲ್ಲಿ ಏರಿಸಿ, ಉಳಿದ 20 ಡಿಗ್ರಿಯನ್ನು ಈಗಾಗಲೇ ಇರುವ ಸೋಲಾರ್ ವಾಟರ್ ಹೀಟರಿಗೋ ಹೀಟ್ ಪಂಪಿಗೋ ಬಿಡಿ ಎಂದು ಹೇಳುತ್ತೇನೆ. ಬೇಕಾದ ಏರಿಕೆಯಲ್ಲಿ ಶೇ 40ಕ್ಕೂ ಹೆಚ್ಚು ಪಾಲು ಇದರಿಂದಲೇ ಮುಗಿಯುತ್ತದೆ, ಸೆಲ್ಲಿನ ಬಿಸಿಯೂ ಹಿಡಿತದಲ್ಲಿರುತ್ತದೆ. ಮಾರಾಟಗಾರರು ಕೊಡುವ ಮಾಹಿತಿ ಪತ್ರದಲ್ಲಿ ಶಾಖದ ಅಂಕಿ ಲೋಡ್ ಸಹಿತವೋ ರಹಿತವೋ, ಯಾವ ವಿಸ್ತೀರ್ಣಕ್ಕೆ, ಯಾವ ಗಾಳಿಯ ವೇಗಕ್ಕೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ ಎನ್ನುತ್ತೇನೆ. ಹಾಗೆಯೇ ಕೊಳವೆ ಹಾಕುವ ಮೊದಲೇ ಫ್ಲೋ ಮೀಟರಿಗೆ ಬೇಕಾದ ನೇರ ಉದ್ದವನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಬೇಕು, ಏಕೆಂದರೆ ಗೋಡೆ ಗಿಲಾವು ಆದ ಮೇಲೆ ಆ ಜಾಗ ಸಿಗುವುದಿಲ್ಲ, ಮೀಟರಿಲ್ಲದ ವ್ಯವಸ್ಥೆಯ ಅಂಕಿಯನ್ನು ಯಾವ ದೇಶದ ಅಂಕಿಯೊಡನೆಯೂ ಹೋಲಿಸಲಾಗುವುದಿಲ್ಲ.