ಮರೆವಿನ ಕಾಯಿಲೆ ಇರುವವರ ಜೊತೆ ಅರ್ಧ ಗಂಟೆ: ಪರೀಕ್ಷೆ ಬೇಡ, ಅಭಿಪ್ರಾಯ ಕೇಳಿ

ನಮ್ಮ ಮನೆಗೆ ಯಾರೇ ನೆಂಟರು ಬಂದರೂ ಚಪ್ಪಲಿ ಬಿಟ್ಟ ಕೂಡಲೇ ಅಪ್ಪನ ಮುಂದೆ ಬಂದು ನಿಲ್ಲುತ್ತಿದ್ದರು. ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಾನ್ಯಾರು ಹೇಳಿ ನೋಡೋಣ?" ತಿಪಟೂರಿನಲ್ಲಿ ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದ ಮನುಷ್ಯ, ಹೆಗಲ ಮೇಲಿನ ಟವೆಲ್ ತೆಗೆದು ಮಡಿಸುತ್ತಾ, ಮತ್ತೆ ಬಿಡಿಸುತ್ತಾ, ನೆಲ ನೋಡುತ್ತಾ ಕೂತುಬಿಡುತ್ತಿದ್ದರು. ಆಮೇಲೆ ರಾತ್ರಿ ಊಟದ ತನಕ ಒಂದು ಮಾತೂ ಇಲ್ಲ. ನಾವೇನು ಕಮ್ಮಿ ಇರಲಿಲ್ಲ. ನೆನಪು ಚುರುಕಾಗಲಿ ಅಂತ "ಇವತ್ತು ಯಾವ ವಾರ, ಬೆಳಗ್ಗೆ ಏನು ತಿಂದಿರಿ" ಅಂತ ದಿನಾ ಕೇಳಿ ಕೇಳಿ ಅವರ ಬಾಯಿ ಮುಚ್ಚಿಸಿದ್ದೆವು.

ಮರೆವಿನ ಕಾಯಿಲೆ ಇರುವವರ ತಲೆಗೆ ಮಾತು, ಆಟದಿಂದ ಕೆಲಸ ಕೊಡುವ ಕಾಗ್ನಿಟಿವ್ ಸ್ಟಿಮ್ಯುಲೇಶನ್ ಥೆರಪಿ, ಚಿಕ್ಕದಾಗಿ ಸಿಎಸ್‌ಟಿ ಅನ್ನುವುದರ ಬಗ್ಗೆ ಓದಿದಾಗ ನನಗೆ ಮೊದಲು ತಟ್ಟಿದ್ದು ಇದೇ. ಅಲ್ಲಿ ಪರೀಕ್ಷೆ ಅನ್ನುವುದೇ ಇಲ್ಲ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞೆ ಏಮಿ ಸ್ಪೆಕ್ಟರ್ ಮತ್ತು ಜೊತೆಯವರು ಇದನ್ನು ರೂಪಿಸಿ, 201 ಜನರ ಜೊತೆ ಪ್ರಯೋಗ ಮಾಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಐದರಿಂದ ಎಂಟು ಜನರ ಗುಂಪು, ವಾರಕ್ಕೆ ಎರಡು ಸಲ, ಸುಮಾರು 45 ನಿಮಿಷ, ಒಟ್ಟು 14 ಸಲ. ಹಾಡು, ಆಟ, ಹರಟೆ, ಅಷ್ಟೇ. ಗುಂಪಿನಲ್ಲಿ ಕೂತವರ ನೆನಪು, ಮಾತು ಸ್ವಲ್ಪ ಸುಧಾರಿಸಿತು, ಬದುಕು ಕೂಡ ಹಗುರಾಯಿತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2018ರಲ್ಲಿ ಇದನ್ನು ಶಿಫಾರಸು ಮಾಡಿದೆ. ನಮ್ಮ ಪಕ್ಕದ ಚೆನ್ನೈನಲ್ಲೂ ತಮಿಳಿಗೆ ಹೊಂದಿಸಿ ನಡೆಸಿದ್ದಾರೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ಕಾಯಿಲೆ ವಾಸಿ ಮಾಡುವುದಿಲ್ಲ. ಮನೆಯಲ್ಲಿ ಒಬ್ಬರೇ ಒಬ್ಬರ ಜೊತೆ ಕೂತು ಮಾಡುವ ಪದ್ಧತಿಯನ್ನೂ ಬ್ರಿಟನ್ನಿನಲ್ಲಿ 356 ಜೋಡಿಗಳ ಮೇಲೆ ನೋಡಿದ್ದಾರೆ. ನೆನಪಿನ ಅಂಕಗಳು ಏರಲಿಲ್ಲ. ಆದರೆ ಕಾಯಿಲೆ ಇರುವವರಿಗೆ ತಮ್ಮನ್ನು ನೋಡಿಕೊಳ್ಳುವವರ ಜೊತೆಗಿನ ಸಂಬಂಧ ಮೊದಲಿಗಿಂತ ಚೆನ್ನಾಗಿದೆ ಅನ್ನಿಸಿತು. ನನಗೆ ಅಷ್ಟು ಸಾಕಿತ್ತು. ಗುಂಪು ಸಿಕ್ಕರೆ ಗುಂಪಿಗೇ ಸೇರಿಸಿ, ಸಿಗದಿದ್ದರೆ ಮನೆಯಲ್ಲೇ ಶುರು ಮಾಡಿ.

ಶುರು ಮಾಡುವ ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ. "ಅರವತ್ತಕ್ಕೆ ಅರಳು ಮರಳು" ಅಂತ ಸುಮ್ನೆ ಇದ್ದುಬಿಡುವುದು ನಮ್ಮಲ್ಲಿ ಜಾಸ್ತಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಇವೂ ಮರೆವು ತರುತ್ತವೆ, ಅವಕ್ಕೆ ಔಷಧ ಇದೆ. ಕಿವಿ ಸರಿಯಾಗಿ ಕೇಳಿಸದೆಯೂ ಎಷ್ಟೋ ಜನ ಮರೆವಿನವರಂತೆ ಕಾಣುತ್ತಾರೆ. ಸಿಎಸ್‌ಟಿ ಇರುವುದು ಡಿಮೆನ್ಷಿಯಾದ, ಅಂದರೆ ಈ ಮರೆವಿನ ಕಾಯಿಲೆಯ, ಆರಂಭದ ಮತ್ತು ಮಧ್ಯದ ಹಂತದವರಿಗೆ. ಸ್ವಲ್ಪ ಹೊತ್ತು ಕೂತು ನಾಲ್ಕು ಮಾತಾಡಲು ಆಗಬೇಕು, ಅಷ್ಟಿದ್ದರೆ ಆಯಿತು.

ಹೊತ್ತು ಯಾವುದು ಅನ್ನುವುದು ಮುಖ್ಯ. ನಮ್ಮ ಮನೆಯಲ್ಲಿ ಬೆಳಗ್ಗೆ ಹತ್ತೂವರೆ, ತಿಂಡಿ ಕಾಫಿ ಮುಗಿದ ಮೇಲೆ. ಸಂಜೆಯಾದರೆ ಅಪ್ಪನಿಗೆ ಕಸಿವಿಸಿ ಜಾಸ್ತಿ, ಆಗ ಏನು ಮಾಡಿದರೂ ಸರಿಹೋಗುವುದಿಲ್ಲ. ಕನ್ನಡಕ ಒರೆಸಿ ಕೊಡಿ, ಕಿವಿಯ ಮಷಿನ್ ಇದ್ದರೆ ಹಾಕಿ, ಬಚ್ಚಲಿಗೆ ಹೋಗಿ ಬರಲಿ, ಟಿವಿ ಆರಿಸಿ. ಪ್ರತಿ ಸಲ ಒಂದೇ ಜಾಗ, ಒಂದೇ ಥರ ಶುರು. ನಾವು ಒಂದು ದೇವರನಾಮ ಹಾಡಿ ಶುರು ಮಾಡುತ್ತೇವೆ. ನನ್ನ ರಾಗ ಕೇಳಿ ಅಪ್ಪ ಮುಖ ಹಿಂಡುತ್ತಾರೆ, ಆಮೇಲೆ ತಾವೇ ಸರಿಯಾಗಿ ಹಾಡುತ್ತಾರೆ. ಒಂದು ಹಲಗೆ ಮೇಲೆ ವಾರ, ತಾರೀಖು, ಊರು, ಮಳೆಯೋ ಬಿಸಿಲೋ ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ. ಕೇಳಬೇಡಿ, ನೀವೇ ಓದಿ ಹೇಳಿ: "ಇವತ್ತು ಗುರುವಾರ, ಆಷಾಢದ ಗಾಳಿ ನೋಡಿ ಹೆಂಗಿದೆ." ನಂತರ ಒಂದು ಮೆತ್ತನೆ ಚೆಂಡನ್ನು ಆಚೆ ಈಚೆ ಎಸೆದು ಹಿಡಿಯುವುದು, ಎರಡು ನಿಮಿಷ. ವಾರಕ್ಕೆ ಮೂರು ದಿನ, ಅರ್ಧ ಗಂಟೆ, ಅದಕ್ಕಿಂತ ಎಳೆಯಬೇಡಿ.

ಇನ್ನು ಪ್ರಶ್ನೆ ಕೇಳುವ ರೀತಿ. ಎಲ್ಲ ಇರುವುದು ಇಲ್ಲೇ. ಒಂದೇ ಸರಿ ಉತ್ತರ ಇರುವ ಪ್ರಶ್ನೆ ಬೇಡ. "ಈ ಫೋಟೋದಲ್ಲಿ ಯಾರು?" ಅಂದರೆ ಗೊತ್ತಿಲ್ಲದವರು ಸೋತರು. "ಈ ಇಬ್ಬರಲ್ಲಿ ಯಾರ ಸೀರೆ ಚೆನ್ನಾಗಿದೆ?" ಅಂದರೆ ಸೋಲುವ ಮಾತೇ ಇಲ್ಲ. "ನಿಮ್ಮ ಮದುವೆ ಯಾವ ವರ್ಷ?" ಬೇಡ. "ಆಗಿನ ಮದುವೆ ಐದು ದಿನ, ಈಗ ಒಂದೇ ದಿನ, ಯಾವುದು ಒಳ್ಳೇದು ಅಂತೀರಿ?" ಅಂತ ಕೇಳಿ, ಕಾಯಿರಿ. ನಾವು ಕಾಯುವುದೇ ಇಲ್ಲ, ಅಲ್ವಾ? ಮೂರು ಸೆಕೆಂಡ್ ಆಗುವಷ್ಟರಲ್ಲಿ ನಾವೇ ಉತ್ತರ ಹೇಳಿ ಮುಗಿಸಿರುತ್ತೇವೆ. ಮನಸ್ಸಿನಲ್ಲೇ ಹದಿನೈದರ ತನಕ ಎಣಿಸಿ. ಸುಮಾರು ಸಲ ಹನ್ನೆರಡಕ್ಕೋ ಹದಿಮೂರಕ್ಕೋ ಮಾತು ಬರುತ್ತದೆ.

ಒಂದು ದಿನದ್ದು ಹೇಳುತ್ತೇನೆ. ಚಿಕ್ಕಪ್ಪನ ಮಗ ತೋಟದಿಂದ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಮೂರು ಕಾಯಿ ತಂದಿದ್ದ. ಅಪ್ಪನ ಮುಂದೆ ಇಟ್ಟು "ಇದರಲ್ಲಿ ಯಾವುದು ಒಡೆಯಬಹುದು ಅನ್ಸುತ್ತೆ?" ಅಂದೆ. ಒಂದೊಂದನ್ನೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಎರಡರಲ್ಲಿ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅಂದಿತು, ಅವನ್ನು ಬಲಕ್ಕಿಟ್ಟರು. ಮೂರನೆಯದನ್ನು ಎರಡು ಸಲ ಅಲ್ಲಾಡಿಸಿ ಎಡಕ್ಕೆ ತಳ್ಳಿದರು. "ನೀರು ಇಂಗಿಲ್ಲ. ಈಗ ಒಡೆದರೆ ಬೂಸ್ಟು ಹಿಡಿಯುತ್ತೆ. ಮತ್ತೆ ಅಟ್ಟಕ್ಕೆ ಹಾಕಕ್ಕೆ ಹೇಳು." ನನ್ನ ಹೆಸರು ಆ ದಿನ ಅವರಿಗೆ ನೆನಪಿರಲಿಲ್ಲ, ಆದರೆ ಕೈಗೆ ಎಲ್ಲ ಗೊತ್ತಿತ್ತು. ರೇಟ್ ಕೇಳಿದೆ. ಕ್ವಿಂಟಾಲಿಗೆ ಮೂರು ಸಾವಿರದ ಮೇಲೆ ಒಂದು ಪೈಸೆ ಕೊಡಬೇಡ ಅಂದರು. ತಪ್ಪು ಅನ್ನಲು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡು "ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆಯೇ ಹನ್ನೆರಡು ಸಾವಿರದ ಮೇಲೆ ಅಂತೆ, ಜಾಸ್ತಿ ಆಯ್ತಾ?" ಅಂದೆ. ಹುಬ್ಬೇರಿಸಿ ನಕ್ಕರು. "ಹಂಗಾದ್ರೆ ಬೆಳೆದವನು ಬದುಕ್ತಾನೆ ಬಿಡು" ಅಂದರು. ಹಳೆಯದರಿಂದ ಹಿಡಿದು ಇವತ್ತಿಗೆ ಬರುವುದು, ಅದೂ ತಿದ್ದದೆ. ಸಿಎಸ್‌ಟಿಯಲ್ಲಿ ಹಳೆ ನೆನಪನ್ನು ಬಳಸುವುದೇ ಹೀಗೆ.

ನಿಮ್ಮ ಮನೆಯವರಿಗೆ ಕೊಬ್ಬರಿ ಆಗದಿದ್ದರೆ ಬೇರೆ ಇದ್ದೇ ಇದೆ. ಅಡುಗೆ ಮಾಡುತ್ತಿದ್ದವರಾದರೆ ಅವರೆಕಾಯಿ ಸೊಗಡು ಮೂಗಿಗೆ ಹಿಡಿಯಿರಿ, ಬಿಡಿಸಲು ಕೊಡಿ, ಹಿತಕಿದ ಬೇಳೆಗೆ ಏನೇನು ಹಾಕಬೇಕು ಅಂತ ಜಗಳ ತೆಗೆಯಿರಿ. ಶಬ್ದಗಳು: ಒಗ್ಗರಣೆ, ರೈಲು, ಬೀಸುವ ಕಲ್ಲು. ಹಣ: ನಾಲ್ಕಾಣೆ ಎಂಟಾಣೆ ಇಟ್ಟು, ಆಗ ಇದಕ್ಕೆ ಏನು ಬರುತ್ತಿತ್ತು ಅಂತ ಮಾತು ಎಳೆಯಿರಿ. ಗಾದೆಯ ಅರ್ಧ ನೀವು ಹೇಳಿ, "ಊಟ ಬಲ್ಲವನಿಗೆ ರೋಗವಿಲ್ಲ..." ಅಂತ ನಿಲ್ಲಿಸಿ. ಉಳಿದದ್ದು ತಾನಾಗಿ ಬರುತ್ತದೆ, ಬರದಿದ್ದರೆ ಇಬ್ಬರೂ ಸೇರಿ ಹೇಳಿದರಾಯಿತು. ಚೌಕಾಬಾರ, ಅಳಗುಳಿ ಮಣೆ, ಅಂತ್ಯಾಕ್ಷರಿ, ಪೇಪರಿನ ಒಂದು ಸುದ್ದಿ. ಒಂದು ದಿನಕ್ಕೆ ಒಂದೇ ವಿಷಯ, ಎರಡು ಆಯ್ಕೆ ಮುಂದಿಡಿ, ಅವರೇ ಆರಿಸಲಿ.

ಮಕ್ಕಳ ಆಟದ ಸಾಮಾನು ಮಾತ್ರ ತರಬೇಡಿ. ನಾನು ದೊಡ್ಡ ದೊಡ್ಡ ಅಕ್ಷರದ ಬಣ್ಣದ ಕಾರ್ಡ್ ತಂದಿದ್ದೆ. ಅಪ್ಪ ಅದನ್ನು ನೋಡಿ, "ಇದನ್ನ ನಿನ್ನ ಮಗನಿಗೆ ಕೊಡು" ಅಂದು ಎದ್ದು ಹೋದರು. ಸರಿಯಾಗೇ ಆಯಿತು ನನಗೆ.

ಕಷ್ಟದ ಪ್ರಶ್ನೆಗಳು ಬರುತ್ತವೆ. ಅಮ್ಮ ಹೋಗಿ ಆರು ವರ್ಷವಾಯಿತು, "ಅವಳು ಇನ್ನೂ ಬರಲಿಲ್ಲವಲ್ಲ" ಅಂತ ಅಪ್ಪ ಬಾಗಿಲು ನೋಡುತ್ತಾರೆ. ಮೊದಮೊದಲು ನಿಜ ಹೇಳಿಬಿಟ್ಟೆ. ಪ್ರತಿ ಸಲವೂ ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಅತ್ತರು. ಈಗ "ಅಮ್ಮನ ನೆನಪಾಯ್ತಾ ಅಪ್ಪ? ಅವಳ ಕೈಯಿನ ಒತ್ತು ಶಾವಿಗೆ ಹೇಗಿರ್ತಿತ್ತು ಹೇಳಿ" ಅನ್ನುತ್ತೇನೆ. ಅದು ಸುಳ್ಳಲ್ಲ, ನೋವೂ ಕಮ್ಮಿ.

ಬೇಡ ಅಂದ ದಿನ ಬಿಟ್ಟುಬಿಡಿ. ಆದರೆ ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ತುಂಬಾ ಗೊಂದಲ, ತೂಕಡಿಕೆ, ಇಲ್ಲದ್ದು ಕಾಣುವುದು ಶುರುವಾದರೆ ಅದು ಡಿಮೆನ್ಷಿಯಾ ಜಾಸ್ತಿಯಾಯಿತು ಅಂತ ಕೂರಬೇಡಿ. ಮೂತ್ರದ ಸೋಂಕೋ, ಹೊಸ ಮಾತ್ರೆಯೋ, ನೀರು ಕುಡಿಯದೆ ಇರುವುದೋ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ. ಗುಂಪು ಹುಡುಕುವವರು ನಿಮ್ಹಾನ್ಸ್‌ನ ಹಿರಿಯರ ವಿಭಾಗದಲ್ಲಿ ವಿಚಾರಿಸಿ, ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾಕ್ಕೆಂದೇ ಕೆಲಸ ಮಾಡುತ್ತದೆ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ಒಂದು ನೋಟ್‌ಬುಕ್ ಇಡಿ. ಅಂಕ ಬರೆಯಲು ಅಲ್ಲ. ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಅಷ್ಟೇ. ಭಾನುವಾರ ತಮ್ಮ ಬಂದು ನನ್ನ ಬದಲು ಕೂರುತ್ತಾನೆ, ಅವನಿಗೆ ಅದೇ ದಾರಿ. ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನೆಂಟರಿಗೂ ಒಂದು ಸಾಲು ಇದೆ, ಯಾರು ಬರುತ್ತೇನೆ ಅಂದರೂ ಫೋನಿನಲ್ಲೇ ಓದಿ ಹೇಳುತ್ತೇವೆ: "ಒಳಗೆ ಬಂದ ಕೂಡಲೇ ನಿಮ್ಮ ಹೆಸರು, ಊರು ನೀವೇ ಹೇಳಿ, ಆಮೇಲೆ ಈ ವರ್ಷ ತೆಂಗು ಹೆಂಗೆ ಅಂತ ಕೇಳಿ."